ಜಿಂಕೆಯ ಗಾಯದಲ್ಲಿ ಹುಳ: ಯಾವ ನೊಣದ ಕೆಲಸ ಅಂತ ಪತ್ತೆ ಹಚ್ಚುವುದು ಹೇಗೆ

ಗಂಡು ಜಿಂಕೆಯೊಂದು ಗುಂಪಿನಿಂದ ದೂರ ನಿಂತಿದೆ. ಪದೇ ಪದೇ ತಲೆ ಒದರುತ್ತಿದೆ. ಕೊಂಬಿನ ಬುಡದಲ್ಲಿ ಹಸಿ ಗಾಯ, ಅದರೊಳಗೆ ಏನೋ ಮಿಸುಕಾಡುತ್ತಿದೆ, ಗಾಳಿ ಈ ಕಡೆ ತಿರುಗಿದರೆ ಕೊಳೆತ ವಾಸನೆ. ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಗಂಡುಗಳು ಹೊಡೆದಾಡಿಕೊಂಡಿರಬೇಕು, ತಾನೇ ವಾಸಿಯಾಗುತ್ತದೆ ಬಿಡಿ ಅಂತ ಮುಂದೆ ಹೋಗುತ್ತಾರೆ. ಇಲ್ಲವೇ ಹುಳ ಅಂದಮೇಲೆ ಯಾವುದಾದರೇನು, ಗಾಯ ಕೊಳೆತಿದೆ ಅಷ್ಟೇ ಅಂದುಕೊಳ್ಳುತ್ತಾರೆ. ಎರಡೂ ತಪ್ಪಾಗಬಹುದು. ಎಷ್ಟು ತಪ್ಪಾಗಬಹುದು ಅನ್ನುವುದಕ್ಕೆ 2016ರಲ್ಲಿ ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳಲ್ಲಿ ನಡೆದದ್ದೇ ಸಾಕ್ಷಿ.

ಅಲ್ಲಿ ಬಿಗ್ ಪೈನ್ ಕೀ, ನೋ ನೇಮ್ ಕೀ ಮತ್ತು ಸುತ್ತಲಿನ ದ್ವೀಪಗಳಲ್ಲಿ 'ಕೀ ಡಿಯರ್' ಅನ್ನುವ ಕುಳ್ಳ ಜಿಂಕೆಗಳಿವೆ. ಬಿಳಿ ಬಾಲದ ಜಿಂಕೆಯ ಒಂದು ಉಪಜಾತಿ. ಭುಜದವರೆಗೆ ಅಳೆದರೆ ಎರಡರಿಂದ ಎರಡೂವರೆ ಅಡಿ ಎತ್ತರ, ಅಷ್ಟೇ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1950ರ ದಶಕದಲ್ಲಿ ಬೇಟೆಯಿಂದ ಕೆಲವೇ ಡಜನ್ ಉಳಿದಿದ್ದವು. 1957ರಲ್ಲಿ ಅವಕ್ಕೆಂದೇ ಅಭಯಾರಣ್ಯ ಮಾಡಿದರು, ಸಂಖ್ಯೆ ನಿಧಾನಕ್ಕೆ ಸಾವಿರದ ಹತ್ತಿರ ಬಂತು. 2016ರ ಬೇಸಿಗೆಯಿಂದಲೇ ಗಾಯದ ಗಂಡುಗಳು ಕಾಣಿಸತೊಡಗಿದ್ದವು. ಇದು ಸ್ಕ್ರೂವರ್ಮ್, ಅಂದರೆ ಬದುಕಿರುವ ಪ್ರಾಣಿಯ ಮಾಂಸ ತಿನ್ನುವ ನೊಣದ ಹುಳ, ಅಂತ ಪ್ರಯೋಗಾಲಯ ಖಚಿತಪಡಿಸಿದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಬೆದೆಗಾಲ ಶುರುವಾಗಿತ್ತು, ಗಂಡುಗಳು ಕೊಂಬಿಗೆ ಕೊಂಬು ಕೊಟ್ಟು ಕಾದಾಡುವ ಹೊತ್ತು, ಎಲ್ಲೆಲ್ಲೂ ಹೊಸ ಗಾಯ. ಕೊನೆಗೆ 135 ಜಿಂಕೆ ಹೋದವು. ಅದರಲ್ಲಿ ಬಹುಪಾಲು ವಯಸ್ಕ ಗಂಡುಗಳೇ. ತೀರಾ ಕೈಮೀರಿದವನ್ನು ನರಳಲು ಬಿಡದೆ ದಯಾಮರಣ ಕೊಡಬೇಕಾಯಿತು.

ಫ್ಲೋರಿಡಾ, ಟೆಕ್ಸಾಸ್ ಕಡೆ ಇರುವ ನಮ್ಮವರ ಹಿತ್ತಲಿಗೆ ಜಿಂಕೆ ಬರುವುದು ದಿನನಿತ್ಯದ ಮಾತು. ಇಲ್ಲಿ ಕಾಡಂಚಿನಲ್ಲಿ ಇರುವವರಿಗೂ ಅಷ್ಟೇ. ಹಾಗಾಗಿ ಕಣ್ಣಿಗೆ ಬಿದ್ದದ್ದನ್ನು ಹೇಗೆ ಒಂದೊಂದಾಗಿ ಸೋಸುತ್ತಾ ಹೋಗಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇದು ನೋಡಿ ಗುರುತಿಸಿ ತಿಳಿಸಬೇಕಾದವರಿಗೆ ತಿಳಿಸಲು. ಕಾಡಿನ ಜಿಂಕೆಯನ್ನು ನೀವೇ ಹಿಡಿದು ಚಿಕಿತ್ಸೆ ಮಾಡಲು ಅಲ್ಲ. ಅದು ಅಲ್ಲೂ ಕಾನೂನಿಗೆ ವಿರುದ್ಧ, ಇಲ್ಲೂ ವಿರುದ್ಧ. ಜೊತೆಗೆ ಹೆದರಿದ ಜಿಂಕೆಯ ಕೊಂಬು ಹೊಟ್ಟೆಗೆ ಬಡಿದರೆ ಆಸ್ಪತ್ರೆಗೆ ಹೋಗುವವರು ನೀವೇ.

ಮೊದಲು: ಅದು ನಿಜವಾಗಲೂ ಗಾಯವಾ?

ಬೇಸಿಗೆ ಕೊನೆಯಲ್ಲಿ ಬರುವ ದೂರುಗಳಲ್ಲಿ ಒಂದಷ್ಟು ಇಲ್ಲಿಗೇ ಮುಗಿಯುತ್ತವೆ. ಗಂಡು ಜಿಂಕೆಯ ಕೊಂಬು ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಚರ್ಮ ಇರುತ್ತದೆ, ಒಳಗೆ ತುಂಬಾ ರಕ್ತನಾಳಗಳು. ಕೊಂಬು ಗಟ್ಟಿಯಾದ ಮೇಲೆ ಆ ಚರ್ಮ ಸುಲಿದು ಬೀಳುತ್ತದೆ. ಒಂದೆರಡು ದಿನ ಕೊಂಬಿನಿಂದ ರಕ್ತ ಮೆತ್ತಿದ ಚಿಂದಿಗಳು ನೇತಾಡುತ್ತವೆ. ನೋಡಲು ಭಯಂಕರ, ಆದರೆ ಅದು ಸಹಜ. ಗಾಯ ಇದ್ದರೆ ಕೊಂಬಿನ ಬುಡದ ಚರ್ಮದಲ್ಲಿ, ತಲೆಬುರುಡೆಯ ಮೇಲೆ ಇರಬೇಕು. ಕೊಂಬಿನ ಮೇಲಷ್ಟೇ ರಕ್ತ ಇದ್ದರೆ ಬಿಟ್ಟುಬಿಡಿ.

ಇನ್ನೊಂದು, ಮೈಮೇಲೆ ಕಪ್ಪಗೆ ಅಥವಾ ಬೂದು ಬಣ್ಣದಲ್ಲಿ ಕೂದಲಿಲ್ಲದ ಗಂಟುಗಳು. ಬಿಳಿ ಬಾಲದ ಜಿಂಕೆಗಳಲ್ಲಿ ಒಂದು ಬಗೆಯ ವೈರಸ್ಸಿನಿಂದ ಇಂಥ ನರಹುಲಿ ಏಳುತ್ತವೆ. ಕೆಲವೊಮ್ಮೆ ನೋಡಲಾಗದಷ್ಟು ದೊಡ್ಡದಾಗುತ್ತವೆ. ಹೆಚ್ಚಿನವು ತಾವೇ ಉದುರಿ ಹೋಗುತ್ತವೆ. ರಸಿಗೆ ಸೋರುವುದಿಲ್ಲ, ಹುಳ ಇರುವುದಿಲ್ಲ. ನೊಣಕ್ಕೂ ಇದಕ್ಕೂ ಸಂಬಂಧ ಇಲ್ಲ.

ದೂರದಿಂದ ನೋಡುವಾಗ ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನಲ್ಲಿ ಜೂಮ್ ಮಾಡಿ ವಿಡಿಯೊ ತೆಗೆಯಿರಿ. ಫೋಟೊಗಿಂತ ವಿಡಿಯೊ ಮೇಲು. ಯಾಕೆಂದರೆ ನಡವಳಿಕೆಯೇ ಅರ್ಧ ಸುಳಿವು: ತಲೆ ಒದರುವುದು, ಒಂದೇ ಜಾಗವನ್ನು ಬಿಡದೆ ನೆಕ್ಕುವುದು, ಗಾಯವನ್ನು ಮರಕ್ಕೆ ಉಜ್ಜುವುದು, ಮೇವು ಬಿಟ್ಟು ಪೊದೆಯೊಳಗೆ ಹೋಗಿ ನಿಲ್ಲುವುದು. ಕೊಂಬಿನ ಬುಡ, ಕುತ್ತಿಗೆ, ಭುಜ, ಪಕ್ಕೆ, ಗೊರಸಿನ ಸಂದು, ಬಾಲದ ಕೆಳಗೆ, ಇಷ್ಟು ಜಾಗ ನೋಡಿ. ಆಗತಾನೇ ಹುಟ್ಟಿದ ಮರಿಯಾದರೆ ಹೊಕ್ಕುಳು. ಮರಿ ಹಾಕಿದ ತಾಯಿಯಾದರೆ ಹಿಂಭಾಗ.

ಹುಳ ಇದೆ. ಸತ್ತ ಮಾಂಸ ತಿನ್ನುತ್ತಿದೆಯಾ, ಬದುಕಿದ ಮಾಂಸವಾ?

ಇಡೀ ಪರೀಕ್ಷೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮಾಮೂಲಿ ಹಸಿರು ನೊಣ, ನೀಲಿ ನೊಣಗಳು ಗಾಯದಲ್ಲಿ ಮೊಟ್ಟೆ ಇಟ್ಟರೆ ಅವುಗಳ ಹುಳ ಬಹುಪಾಲು ಕೊಳೆತ, ಸತ್ತ ಮಾಂಸವನ್ನಷ್ಟೇ ತಿನ್ನುತ್ತವೆ. ಮೇಲ್ಮೈಯಲ್ಲೇ ಹರಿದಾಡುತ್ತಿರುತ್ತವೆ. ಅಸಹ್ಯವಾಗುತ್ತದೆ ನಿಜ, ಆದರೆ ಎಷ್ಟೋ ಸಲ ಗಾಯ ಸ್ವಚ್ಛವಾಗುವುದೂ ಅವುಗಳಿಂದಲೇ.

ಸ್ಕ್ರೂವರ್ಮ್ ಹಾಗಲ್ಲ. ಕಾಕ್ಲಿಯೋಮಿಯಾ ಹೋಮಿನಿವೊರಾಕ್ಸ್ ಅನ್ನುವ ಈ ನೊಣದ ಮರಿಗಳಿಗೆ ಬೇಕಾದ್ದು ಬದುಕಿರುವ ಪ್ರಾಣಿಯ ಜೀವಂತ ಮಾಂಸ. ಹೆಣ್ಣು ನೊಣ ಗಾಯದ ಒಣ ಅಂಚಿನಲ್ಲಿ ಕೆನೆ ಬಿಳುಪಿನ ಮೊಟ್ಟೆಗಳನ್ನು ಮನೆ ಮೇಲೆ ಹೆಂಚು ಹೊದಿಸಿದಂತೆ ಸಾಲಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ಇನ್ನೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಒಂದೇ ದಿನದೊಳಗೆ ಮೊಟ್ಟೆ ಒಡೆದು ಮರಿಗಳು ನೇರ ಮಾಂಸದೊಳಗೆ ತಲೆ ಹಾಕುತ್ತವೆ. ಗಾಯ ದೊಡ್ಡದೇ ಇರಬೇಕಂತಿಲ್ಲ. ಉಣ್ಣೆ ಕಚ್ಚಿದ ತೂತು ಸಾಕು. ಐದರಿಂದ ಏಳು ದಿನ ತಿಂದು ಕೊಬ್ಬಿ, ಮಣ್ಣಿಗೆ ಬಿದ್ದು, ಅಲ್ಲಿ ಕೋಶ ಕಟ್ಟುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಮುಂದಿನ ಮೊಟ್ಟೆಯವರೆಗೆ ಸುಮಾರು ಮೂರು ವಾರ.

ಅಷ್ಟರಲ್ಲಿ ಗಾಯದ ಗತಿ? ಹುಳ ಬಿದ್ದ ಗಾಯದ ವಾಸನೆಗೆ ಇನ್ನಷ್ಟು ಹೆಣ್ಣು ನೊಣ ಬರುತ್ತವೆ, ಮತ್ತೆ ಮೊಟ್ಟೆ, ಮತ್ತೆ ಮರಿ. ಹೊರಗಿಂದ ತೂತು ಚಿಕ್ಕದಾಗಿ ಕಂಡರೂ ಒಳಗೆ ಗುಹೆ ಆಗಿರುತ್ತದೆ. ಕೀ ಡಿಯರ್ ಗಂಡುಗಳಲ್ಲಿ ಹೊಸ ಗಾಯ ಹೆಚ್ಚಾಗಿ ಇದ್ದದ್ದು ತಲೆ, ಕುತ್ತಿಗೆಯ ಸುತ್ತ, ಯಾಕೆಂದರೆ ಕಾದಾಟದಲ್ಲಿ ಪೆಟ್ಟು ಬೀಳುವುದೇ ಅಲ್ಲಿ. ಚಿಕಿತ್ಸೆ ಇಲ್ಲದೆ ಬಿಟ್ಟರೆ ವಾರ ಎರಡು ವಾರದಲ್ಲಿ ಪ್ರಾಣಿ ಸಾಯುತ್ತದೆ.

ಇವೆರಡನ್ನು ಹೇಗೆ ಬೇರೆ ಮಾಡುವುದು? ನೋಡಿ:

ಗಾಯದ ಮೇಲೆ ಹುಳ ಸಡಿಲವಾಗಿ ಓಡಾಡುತ್ತಿದ್ದರೆ, ಕೆಳಗಿನ ಮಾಂಸ ಕಪ್ಪಾಗಿ ಸತ್ತಿದ್ದರೆ, ಮಾಮೂಲಿ ನೊಣದ ಸಾಧ್ಯತೆ ಜಾಸ್ತಿ. ಹುಳಗಳೆಲ್ಲ ತಲೆ ಕೆಳಗೆ ಹಾಕಿ, ಬಾಲದ ತುದಿಯಷ್ಟೇ ಮೇಲೆ ಕಾಣುವಂತೆ ಒತ್ತೊತ್ತಾಗಿ ನಾಟಿಕೊಂಡಿದ್ದರೆ, ಕದಡಿದಾಗ ಹೊರಗೆ ಬರುವ ಬದಲು ಇನ್ನೂ ಆಳಕ್ಕೆ ಇಳಿದರೆ, ಗಾಯದಿಂದ ರಕ್ತ ಬೆರೆತ ನೀರು ಸೋರುತ್ತಿದ್ದರೆ, ಮಾಂಸ ಕೆಂಪಗೆ ಹಸಿಯಾಗಿದ್ದರೆ, ಸ್ಕ್ರೂವರ್ಮ್ ಅಂತಲೇ ಹಿಡಿದು ಮುಂದಿನ ಕೆಲಸ ಮಾಡಿ. ಖಚಿತವಾಗುವವರೆಗೆ ಕಾಯಬೇಡಿ.

ಕೈಗೆ ಒಂದು ಬಲಿತ ಹುಳ ಸಿಕ್ಕಿತು ಅನ್ನೋಣ (ಪಶುವೈದ್ಯರಿಗೆ ಸಿಗುವುದು ಹೀಗೆಯೇ). ಭೂತಗನ್ನಡಿ ಹಿಡಿದು ಹಿಂಭಾಗ ನೋಡಿ. ಸ್ಕ್ರೂವರ್ಮ್ ಆಗಿದ್ದರೆ ಚರ್ಮದೊಳಗಿಂದ ಎರಡು ಕಪ್ಪು ಗೆರೆ ಕಾಣುತ್ತವೆ, ಬಾಲದ ತುದಿಯಿಂದ ಮುಂದಕ್ಕೆ ಮೂರು ನಾಲ್ಕು ಉಂಗುರಗಳಷ್ಟು ಉದ್ದ. ಅವು ಹುಳದ ಉಸಿರಾಟದ ಕೊಳವೆಗಳು. ಮಾಮೂಲಿ ಹುಳಗಳಲ್ಲಿ ಈ ಕೊಳವೆಗೆ ಹೀಗೆ ಬಣ್ಣ ಇರುವುದಿಲ್ಲ. ಮೈ ಸುತ್ತ ಸಣ್ಣ ಕಪ್ಪು ಮುಳ್ಳುಗಳ ಪಟ್ಟಿ, ಬಲಿತಾಗ ಮೈಗೆ ನಸುಗೆಂಪು ಬಣ್ಣ, ಉದ್ದ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಆ ಎರಡು ಗೆರೆ ಒಂದು ಸಲ ನೋಡಿದರೆ ಮತ್ತೆ ಮರೆಯುವುದಿಲ್ಲ. ಆದರೆ ತೀರಾ ಎಳೆಯ ಮರಿಗಳಲ್ಲಿ ಇದನ್ನು ನಂಬಬೇಡಿ, ಬಲಿತವನ್ನೇ ಹುಡುಕಿ.

ಹಾರುವ ನೊಣ ನೋಡಿ ಹೇಳುತ್ತೇನೆ ಅನ್ನುವವರೂ ಇದ್ದಾರೆ. ನೀಲಿ ಹಸಿರು ಮೈ, ಕಿತ್ತಳೆ ಕಣ್ಣು, ಬೆನ್ನ ಮೇಲೆ ಮೂರು ಕಪ್ಪು ಪಟ್ಟೆ, ನಡುವಿನದು ಗಿಡ್ಡ. ಹೇಳುವುದು ಸುಲಭ. ಆದರೆ ಇದೇ ಕುಲದ ಇನ್ನೊಂದು ನೊಣ ಹೆಚ್ಚುಕಡಿಮೆ ಇದೇ ವೇಷದಲ್ಲಿ ಓಡಾಡುತ್ತದೆ, ಅದರ ಮರಿ ಸತ್ತ ಮಾಂಸ ತಿನ್ನುವಂಥದ್ದು. ನೊಣ ನೋಡಿ ತೀರ್ಮಾನ ಮಾಡುವುದನ್ನು ಕೀಟತಜ್ಞರಿಗೆ ಬಿಡಿ.

ಎರಡು ಗುಂಡಿ, ಬಹಳ ಜನ ಬೀಳುವಂಥವು

ಮೊದಲನೆಯದು ಸತ್ತ ಜಿಂಕೆ. ರಸ್ತೆ ಬದಿ ಸತ್ತುಬಿದ್ದ ಜಿಂಕೆಯಲ್ಲಿ ಹುಳ ಮಿಜಿಗುಡುತ್ತಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹೆಣ ಅಂದಮೇಲೆ ಹುಳ ಬಿದ್ದೇ ಬೀಳುತ್ತದೆ. ಸ್ಕ್ರೂವರ್ಮ್ ನೊಣ ಮೊಟ್ಟೆ ಇಡುವುದು ಬದುಕಿರುವ ಪ್ರಾಣಿಯ ಮೇಲೆ, ಹಾಗಾಗಿ ಮುಖ್ಯ ಪ್ರಶ್ನೆ ಜಿಂಕೆ ಬದುಕಿದ್ದಾಗಲೇ ಹುಳ ಇತ್ತಾ ಅನ್ನುವುದು. ನಿನ್ನೆ ಮೊನ್ನೆ ಅದನ್ನು ಯಾರಾದರೂ ನೋಡಿದ್ದರಾ, ಆಗ ಗಾಯ ಹೇಗಿತ್ತು ಅಂತ ಕೇಳಿ. ಆ ಒಂದು ಮಾತು ಹೆಣದ ಹತ್ತು ಫೋಟೊಗಿಂತ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಇನ್ನೂ ಮೋಸದ್ದು. ಒಂದೇ ಗಾಯದಲ್ಲಿ ಎರಡು ಮೂರು ಬಗೆಯ ನೊಣದ ಮರಿಗಳು ಒಟ್ಟಿಗೆ ಇರಬಹುದು. ಸ್ಕ್ರೂವರ್ಮ್ ಬಗೆದ ಗಾಯದ ಅಂಚು ಸಾಯುತ್ತದೆ, ಕೊಳೆಯುತ್ತದೆ, ಆ ಕೊಳೆತದ್ದಕ್ಕೆ ಮಾಮೂಲಿ ನೊಣಗಳು ಬರುತ್ತವೆ. ಅವುಗಳ ಮರಿ ಮೇಲೆ, ಸ್ಕ್ರೂವರ್ಮ್ ಆಳದಲ್ಲಿ. ಮಾದರಿ ತೆಗೆಯುವವರು ಸುಲಭಕ್ಕೆ ಸಿಗುವ ಮೇಲಿನ ಹುಳಗಳನ್ನು ಹೆಕ್ಕಿ ಕಳಿಸಿದರೆ ಪ್ರಯೋಗಾಲಯದವರು ಕಂಡದ್ದನ್ನೇ ಹೇಳುತ್ತಾರೆ, "ಮಾಮೂಲಿ ನೊಣ" ಅಂತ. ವರದಿ ಸರಿ, ಮಾದರಿ ತಪ್ಪು. ಎಲ್ಲರೂ ನಿರಾಳರಾಗುತ್ತಾರೆ, ಹುಳ ಮಾತ್ರ ಒಳಗೇ ಕೂತಿರುತ್ತದೆ. ಅದಕ್ಕೇ ಗಾಯದ ತಳದಿಂದ ಒಂದಷ್ಟು, ಅಂಚಿನಿಂದ ಒಂದಷ್ಟು, ದೊಡ್ಡದು ಚಿಕ್ಕದು ಎರಡೂ ತೆಗೆಯಬೇಕು.

ತೆಗೆದದ್ದನ್ನು 70 ಶೇಕಡಾ ಆಲ್ಕೊಹಾಲ್ ತುಂಬಿದ ಮುಚ್ಚಳ ಭದ್ರವಾದ ಡಬ್ಬಿಗೆ ಹಾಕಬೇಕು. ಡಬ್ಬಿ ಮೇಲೆ ದಿನಾಂಕ, ಜಾಗ, ಯಾವ ಪ್ರಾಣಿ, ಮೈಮೇಲೆ ಯಾವ ಭಾಗ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೊಹಾಲ್ ತಗುಲಿದರೆ ಅಳಿಸಿಹೋಗುತ್ತದೆ. ಕೆಳಗೆ ಬಿದ್ದ ಹುಳವನ್ನು ಚಪ್ಪಲಿಯಲ್ಲಿ ತಳ್ಳಿ ಸುಮ್ನೆ ಬಿಡಬೇಡಿ, ಒಂದೊಂದನ್ನೂ ಹೆಕ್ಕಿ ಡಬ್ಬಿಗೆ ಹಾಕಿ. ಬಲಿತ ಹುಳ ಮಣ್ಣಿಗೆ ಸೇರಿದರೆ ಅದಕ್ಕೆ ಬೇಕಾಗಿದ್ದೂ ಅದೇ.

ಹುಳ ಬಂದದ್ದು ಮೂಗಿನಿಂದ ಆಗಿದ್ದರೆ

ಗಾಯ ಎಲ್ಲೂ ಇಲ್ಲ. ಜಿಂಕೆ ಸೀನುತ್ತಿದೆ, ಕೆಮ್ಮುತ್ತಿದೆ. ಅಥವಾ ಬೇಟೆಗಾರನೊಬ್ಬ ಸತ್ತ ಜಿಂಕೆಯ ತಲೆ ಸೀಳಿದಾಗ ಗಂಟಲಿನ ಹಿಂದಿನ ಚೀಲದಲ್ಲಿ ಇಂಚುದ್ದದ ದಪ್ಪ ದಪ್ಪ ಹುಳ ಕಂಡು ಹೌಹಾರಿದ್ದಾನೆ. ಇದು ಮೂಗಿನ ಬಾಟ್ ನೊಣ, ಸೆಫೆನೆಮಿಯಾ ಕುಲದ್ದು. ಉತ್ತರ ಅಮೆರಿಕದಲ್ಲೂ ಯುರೋಪಿನಲ್ಲೂ ಜಿಂಕೆಗಳಿಗೆ ತೀರಾ ಸಾಮಾನ್ಯ.

ಈ ನೊಣ ಮೊಟ್ಟೆ ಇಡುವುದಿಲ್ಲ. ಹಾರುತ್ತಲೇ ಜಿಂಕೆಯ ಮೂಗಿನ ಹತ್ತಿರ ಬಂದು ಸಣ್ಣ ಸಣ್ಣ ಜೀವಂತ ಮರಿಗಳನ್ನು ಹನಿಯೊಳಗೆ ಸೇರಿಸಿ ಚಿಮ್ಮಿಸಿ ಹೋಗುತ್ತದೆ. ಜಿಂಕೆಗಳಿಗೆ ಇದು ಗೊತ್ತು. ನೊಣದ ಸದ್ದು ಕೇಳಿದರೆ ಮೂಗನ್ನು ನೆಲಕ್ಕೆ ಒತ್ತಿ ನಿಲ್ಲುತ್ತವೆ, ಇಲ್ಲವೇ ಇದ್ದಕ್ಕಿದ್ದಂತೆ ಪೊದೆಯೊಳಗೆ ನುಗ್ಗುತ್ತವೆ. ಮರಿಗಳು ತಿಂಗಳುಗಟ್ಟಲೆ ಗಂಟಲಿನ ಹಿಂದೆ ಬೆಳೆದು, ಕೊನೆಗೆ ಮೂಗಿನ ಕಡೆ ಬಂದಾಗ ಜಿಂಕೆ ಸೀನಿ ಹೊರಹಾಕುತ್ತದೆ. ಸಾಮಾನ್ಯವಾಗಿ ಜಿಂಕೆಗೆ ದೊಡ್ಡ ಅಪಾಯ ಇಲ್ಲ. ಮಾಂಸ ಕೆಡುವುದಿಲ್ಲ. ಏನೂ ಮಾಡಬೇಕಾಗಿಲ್ಲ.

ಒಂದು ಅಡ್ಡಮಾತು. ಇದೇ ಕುಲದ ನೊಣ ಗಂಟೆಗೆ 800 ಮೈಲಿಗೂ ಹೆಚ್ಚು ವೇಗದಲ್ಲಿ ಹಾರುತ್ತದೆ ಅಂತ 1920ರ ದಶಕದಲ್ಲಿ ಚಾರ್ಲ್ಸ್ ಟೌನ್ಸೆಂಡ್ ಅನ್ನುವ ಕೀಟತಜ್ಞ ಬರೆದರು. ಅಂದರೆ ಶಬ್ದಕ್ಕಿಂತ ವೇಗ! ಪತ್ರಿಕೆಗಳೂ ನಂಬಿದವು. ನೊಬೆಲ್ ಪಡೆದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1938ರಲ್ಲಿ ಕೂತು ಲೆಕ್ಕ ಹಾಕಿ, ಅಷ್ಟು ವೇಗಕ್ಕೆ ನೊಣ ಪ್ರತಿ ಸೆಕೆಂಡಿಗೆ ತನ್ನ ತೂಕಕ್ಕಿಂತ ಜಾಸ್ತಿ ಆಹಾರ ತಿನ್ನಬೇಕಾಗುತ್ತದೆ, ನಿಜವಾದ ವೇಗ 25 ಮೈಲಿಯ ಆಸುಪಾಸು ಇರಬೇಕು ಅಂತ ತೋರಿಸಿದರು. ಕಣ್ಣಿಗೆ ಕಂಡಿತು ಅಂದದ್ದನ್ನೆಲ್ಲ ವರದಿಗೆ ಸೇರಿಸಬಾರದು, ಅಲ್ವಾ?

ಬೆನ್ನ ಮೇಲೆ ಗಂಟು, ಗಂಟಿಗೊಂದು ತೂತು

ಯುರೋಪಿನಲ್ಲಿ ವಸಂತದ ಹೊತ್ತಿಗೆ ರೋ ಜಿಂಕೆ, ಕೆಂಪು ಜಿಂಕೆಗಳ ಬೆನ್ನಿನ ಉದ್ದಕ್ಕೂ ಕಡಲೆಕಾಳಿಗಿಂತ ದೊಡ್ಡ ಗಂಟುಗಳು ಏಳುತ್ತವೆ. ಪ್ರತಿ ಗಂಟಿನ ತುದಿಯಲ್ಲೂ ಒಂದು ತೂತು, ಒಳಗಿನ ಹುಳ ಅಲ್ಲಿಂದ ಉಸಿರಾಡುತ್ತದೆ. ಇದು ಹೈಪೋಡರ್ಮಾ ಡಯಾನಾ ಅನ್ನುವ ವಾರ್ಬಲ್ ನೊಣ. ಇದು ಮೊಟ್ಟೆಯನ್ನು ರೋಮಕ್ಕೆ ಅಂಟಿಸುತ್ತದೆ, ಮರಿ ಚರ್ಮ ಕೊರೆದು ಒಳಹೊಕ್ಕು ಮೈಯೊಳಗೇ ನಡೆದು ಬೆನ್ನಿಗೆ ಬರುತ್ತದೆ. ಹಿಮಸಾರಂಗಕ್ಕೆ ಇದರ ಸೋದರ ನೊಣವೊಂದಿದೆ. ಒಂದು ಗಂಟಿಗೆ ಒಂದೇ ಹುಳ, ಗಾಯ ಹರಡುವುದಿಲ್ಲ, ಕೊಳೆತ ವಾಸನೆ ಇಲ್ಲ. ಇಷ್ಟು ನೋಡಿದರೆ ಸ್ಕ್ರೂವರ್ಮ್‌ನಿಂದ ಬೇರೆ ಮಾಡುವುದು ಕಷ್ಟವೇನಲ್ಲ.

ರೋಮದೊಳಗೆ ಓಡುವ ಚಪ್ಪಟೆ ಕೀಟ

ಉಣ್ಣೆ ಅಂದುಕೊಂಡಿದ್ದು ಉಣ್ಣೆ ಆಗಿರಲಿಲ್ಲ, ಕಾಲು ಎಣಿಸಿದರೆ ಆರು, ಮುಟ್ಟಲು ಹೋದರೆ ಅಡ್ಡಡ್ಡ ಓಡಿತು. ಇದು ಕೆಡ್, ಅಂದರೆ ಜಿಂಕೆಯ ರಕ್ತ ಹೀರುವ ನೊಣ. ರೆಕ್ಕೆ ಇರುತ್ತದೆ, ಆದರೆ ಜಿಂಕೆ ಸಿಕ್ಕಿದೊಡನೆ ರೆಕ್ಕೆ ಉದುರಿಸಿಕೊಂಡು ಉಳಿದ ಆಯುಷ್ಯವನ್ನೆಲ್ಲ ರೋಮದೊಳಗೆ ಕಳೆಯುತ್ತದೆ. ಹುಳವೂ ಇಲ್ಲ, ಗಾಯವೂ ಇಲ್ಲ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿಯನ್ನು ಹೊಟ್ಟೆಯಲ್ಲೇ ಪೂರ್ತಿ ಬೆಳೆಸಿ ಹಾಕುತ್ತದೆ. ನಾರ್ವೆಯಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆಗಳಲ್ಲಿ ಇದು ವಿಪರೀತ ಹೆಚ್ಚಿ ರೋಮ ಉದುರಿದ್ದೂ ಉಂಟು. ಕಾಡಿನಲ್ಲಿ ನಡೆಯುವವರ ಕೂದಲಿಗೂ ಬಂದು ಸೇರುತ್ತದೆ, ಕಚ್ಚಿದರೆ ಕೆಲವರಿಗೆ ವಾರಗಟ್ಟಲೆ ತುರಿಕೆ.

ಪತ್ತೆಯಾಯಿತು, ಈಗ ಸರಿ ಮಾಡುವುದು

ಒಂದು ಜಿಂಕೆಯ ಹುಳ ಸಾಯಿಸುವುದು ದೊಡ್ಡ ವಿಷಯವಲ್ಲ. ಡೋರಾಮೆಕ್ಟಿನ್ ಅನ್ನುವ ಔಷಧಿಯಿಂದ ಸಾಯುತ್ತವೆ, ಮುಂದೆ ಕೆಲವು ದಿನ ಹೊಸ ಮರಿಗಳೂ ಬದುಕುವುದಿಲ್ಲ. ಕಷ್ಟ ಇರುವುದು ಕಾಡಿನಲ್ಲಿ ಓಡಾಡುವ ನೂರಾರು ಜಿಂಕೆಗಳಿಗೆ ಅದನ್ನು ಮುಟ್ಟಿಸುವುದರಲ್ಲಿ.

ಕೀಸ್‌ನಲ್ಲಿ ಇದಕ್ಕೊಂದು ವಿಚಿತ್ರ ದಾರಿ ಸಿಕ್ಕಿತು. ಕೀ ಡಿಯರ್‌ಗೆ ತಿಂಡಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಆದರೂ ಜನ ಹಾಕಿ ಹಾಕಿ ಜಿಂಕೆಗಳಿಗೆ ಮನುಷ್ಯರ ಭಯ ಹೋಗಿತ್ತು. ಅದೇ ಅಭ್ಯಾಸವನ್ನು ಬಳಸಿಕೊಂಡರು. ತರಬೇತಿ ಕೊಟ್ಟ ಸ್ವಯಂಸೇವಕರು ಔಷಧಿ ಸೇರಿಸಿದ ಬ್ರೆಡ್ ತುಂಡನ್ನು ಜಿಂಕೆಯ ಬಾಯಿಗೇ ಕೊಟ್ಟರು, ಕೊಟ್ಟದ್ದಕ್ಕೆ ಮೈಮೇಲೆ ಬಣ್ಣದ ಗುರುತು ಹಾಕಿದರು. ಹೀಗೆ ಸಾವಿರಾರು ಡೋಸ್ ಒಳಗೆ ಹೋಯಿತು. ಇದನ್ನು ಓದಿ ಯಾರೂ ಹಿತ್ತಲಿನ ಜಿಂಕೆಗೆ ಔಷಧಿ ಹಾಕಿದ ಬ್ರೆಡ್ ತಿನ್ನಿಸಲು ಹೊರಡಬೇಡಿ. ಅಲ್ಲಿ ಅಳತೆ, ಅನುಮತಿ, ಲೆಕ್ಕ ಎಲ್ಲವೂ ಇತ್ತು.

ಔಷಧಿ ಹುಳವನ್ನು ಕೊಂದಿತು, ಸರಿ. ಗಾಳಿಯಲ್ಲಿರುವ ನೊಣ? ಹೊಸ ಗಾಯ ಆಗುತ್ತಲೇ ಇದೆ, ನೊಣ ಬರುತ್ತಲೇ ಇದೆ. ದೋಷದ ಮೂಲ ಅದು. ಇಲ್ಲಿ ಕೆಲಸಕ್ಕೆ ಬಂದದ್ದು ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಅನ್ನುವ ಇಬ್ಬರು ಬಹಳ ಹಿಂದೆಯೇ ಕಂಡುಕೊಂಡ ಉಪಾಯ. ಹೆಣ್ಣು ಸ್ಕ್ರೂವರ್ಮ್ ನೊಣ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ ಕೂಡುತ್ತದೆ. ಆ ಒಂದು ಸಲ ಬಂಜೆ ಗಂಡಿನ ಜೊತೆ ಕೂಡಿದರೆ ಅದಿಟ್ಟ ಮೊಟ್ಟೆ ಒಡೆಯುವುದಿಲ್ಲ, ಮುಗಿಯಿತು. ಹಾಗಾಗಿ ಕಾರ್ಖಾನೆಯಲ್ಲಿ ನೊಣ ಬೆಳೆಸಿ, ಕೋಶದೊಳಗಿದ್ದಾಗಲೇ ವಿಕಿರಣ ಹಾಯಿಸಿ ಬಂಜೆ ಮಾಡಿ, ಕಾಡಿನ ಗಂಡುಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಿಡುತ್ತಾ ಹೋಗುವುದು. 1954ರಲ್ಲಿ ಕುರಸಾವ್ ದ್ವೀಪದಲ್ಲಿ ಇದು ಗೆದ್ದಿತು. 1959ರ ಹೊತ್ತಿಗೆ ಫ್ಲೋರಿಡಾದಲ್ಲಿ ಸ್ಕ್ರೂವರ್ಮ್ ಇರಲಿಲ್ಲ. ಆಮೇಲೆ ಅಮೆರಿಕ, ಮೆಕ್ಸಿಕೊ, ಹೀಗೆ ದಕ್ಷಿಣಕ್ಕೆ ತಳ್ಳುತ್ತಾ 2006ರ ಹೊತ್ತಿಗೆ ಪನಾಮಾದ ತುದಿಯವರೆಗೆ ಒತ್ತಿದರು. ಈ ನೊಣ ಹೋದಮೇಲೆ ಟೆಕ್ಸಾಸ್‌ನಲ್ಲಿ ಜಿಂಕೆಗಳು ವಿಪರೀತ ಹೆಚ್ಚಿದವು. ಅದಕ್ಕೂ ಮೊದಲು ಆಗತಾನೇ ಹುಟ್ಟಿದ ಮರಿಗಳ ಹೊಕ್ಕುಳಿಗೇ ನೊಣ ಮುತ್ತಿ ಎಷ್ಟೋ ಮರಿ ಸಾಯುತ್ತಿದ್ದವು.

2016ರಲ್ಲಿ ಪನಾಮಾದ ಕಾರ್ಖಾನೆಯಿಂದಲೇ ಕೋಶಗಳನ್ನು ಕೀಸ್‌ಗೆ ತರಿಸಿದರು. 30ಕ್ಕೂ ಹೆಚ್ಚು ಜಾಗಗಳಲ್ಲಿ ಪೆಟ್ಟಿಗೆ ಇಟ್ಟು ಒಟ್ಟು ಸುಮಾರು 18.8 ಕೋಟಿ ಬಂಜೆ ನೊಣ ಬಿಟ್ಟರು. ಇನ್ನೊಂದು ಕಡೆ ಕೀ ಲಾರ್ಗೊದಲ್ಲಿ ರಸ್ತೆ ತಡೆ ಹಾಕಿ, ದ್ವೀಪಗಳಿಂದ ಹೊರಗೆ ಹೋಗುವ ಸಾಕುಪ್ರಾಣಿಗಳ ಮೈ ತಪಾಸಣೆ ಮಾಡಿದರು. ಸುಮಾರು 17,000 ಪ್ರಾಣಿ. ಅತಿ ಅನ್ನಿಸಬಹುದು. ಆದರೆ ನೊಣ ತಾನೇ ಹಾರಿ ಹೋಗುವುದಕ್ಕಿಂತ ಬೇಗ ಕಾರಿನ ಹಿಂದಿನ ಸೀಟಿನಲ್ಲಿ ಕೂತ ನಾಯಿಯ ಗಾಯದಲ್ಲಿ ಹೋಗುತ್ತದೆ. 2017ರ ಜನವರಿಯಲ್ಲಿ ಮುಖ್ಯ ಭೂಮಿಯ ಹೋಮ್‌ಸ್ಟೆಡ್ ಹತ್ತಿರ ಒಂದು ಬೀದಿ ನಾಯಿಯಲ್ಲಿ ಸ್ಕ್ರೂವರ್ಮ್ ಸಿಕ್ಕಿಯೂ ಬಿಟ್ಟಿತು. ತಕ್ಷಣ ಅಲ್ಲೂ ಬಂಜೆ ನೊಣ ಬಿಟ್ಟರು, ಮುಂದೆ ಹರಡಲಿಲ್ಲ.

ಸರಿಹೋಯಿತು ಅಂತ ಯಾವಾಗ ಹೇಳಬಹುದು?

ಗಾಯ ಒಣಗಿತು, ಹುಳ ಬಿದ್ದುಹೋಯಿತು ಅಂದರೆ ಆ ಜಿಂಕೆ ಬಚಾವಾಯಿತು ಅಷ್ಟೇ. ಮಣ್ಣಿನಲ್ಲಿ ಕೋಶ ಇನ್ನೂ ಇರಬಹುದು. ಚಳಿ ಇದ್ದರೆ ಕೋಶದಿಂದ ನೊಣ ಹೊರಬರಲು ವಾರದ ಬದಲು ತಿಂಗಳೂ ಹಿಡಿಯುತ್ತದೆ. ಹೊಸ ಪ್ರಕರಣ ಇಲ್ಲದೆ ಹಲವು ಪೀಳಿಗೆ ಕಳೆಯಬೇಕು, ಕಾಯುವಾಗ ಹುಡುಕುವುದನ್ನು ನಿಲ್ಲಿಸಬಾರದು. ಹುಡುಕದೆ "ಪ್ರಕರಣ ಇಲ್ಲ" ಅನ್ನುವುದಕ್ಕೆ ಬೆಲೆ ಇಲ್ಲ. ಕೀಸ್‌ನಲ್ಲಿ ಜನವರಿಯ ನಂತರ ಹೊಸದು ಕಾಣಲಿಲ್ಲ. 2017ರ ಮಾರ್ಚ್ 23ರಂದು ನಿರ್ಮೂಲವಾಯಿತು ಅಂತ ಘೋಷಿಸಿದರು. ಏಪ್ರಿಲ್ ಬಂದರೆ ಮರಿ ಹಾಕುವ ಕಾಲ. ಗಂಡುಗಳು ಸತ್ತದ್ದನ್ನು ಹೇಗೋ ತಡೆದುಕೊಳ್ಳಬಹುದು, ಉಳಿದ ಕೆಲವೇ ಗಂಡುಗಳಿಂದಲೂ ಗುಂಪು ಬೆಳೆಯುತ್ತದೆ. ತಾಯಂದಿರು, ಮರಿಗಳು ಸಾಯತೊಡಗಿದರೆ ಕಥೆಯೇ ಬೇರೆ. ಆ ಗಡುವಿಗೆ ಮೊದಲೇ ಮುಗಿದದ್ದು ಆ ಜಿಂಕೆಗಳ ಪುಣ್ಯ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. 2023ರಿಂದ ಪನಾಮಾದಲ್ಲಿ ಪ್ರಕರಣ ಏರಿ, ಕೋಸ್ಟರಿಕಾ, ನಿಕರಾಗುವಾ, ಹೊಂಡುರಾಸ್, ಗ್ವಾಟೆಮಾಲಾ ದಾಟಿ 2024ರ ನವೆಂಬರ್‌ನಲ್ಲಿ ಮೆಕ್ಸಿಕೊಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗಡಿಯಿಂದ 70 ಮೈಲಿಗೂ ಹತ್ತಿರ, ನುವೊ ಲಿಯೋನ್‌ನಲ್ಲಿ ಒಂದು ಹಸುವಿನಲ್ಲಿ ಸಿಕ್ಕಿತು. ಟೆಕ್ಸಾಸ್‌ನಲ್ಲಿ ಇರುವವರು ಹಿತ್ತಲಿನ ಜಿಂಕೆಯ ಗಾಯವನ್ನು ಈಗ ಬೇರೆ ಕಣ್ಣಿನಿಂದ ನೋಡಬೇಕು. ಕಂಡರೆ ರಾಜ್ಯದ ವನ್ಯಜೀವಿ ಇಲಾಖೆಗೋ ಪಶು ಆರೋಗ್ಯದವರಿಗೋ ಅವತ್ತೇ ಫೋನ್ ಮಾಡಿ. ಎಲ್ಲಿ, ಯಾವಾಗ, ಗಂಡೋ ಹೆಣ್ಣೋ, ಗಾಯ ಯಾವ ಭಾಗದಲ್ಲಿ, ವಿಡಿಯೊ ಇದೆಯಾ, ಇಷ್ಟು ಹೇಳಿದರೆ ಸಾಕು. ಮನೆಯ ನಾಯಿಗೆ ಗಾಯ ಇದ್ದರೆ ಅದನ್ನೂ ನೋಡಿ.

ನಮ್ಮ ಕಡೆ ಆದರೆ

ನಮ್ಮಲ್ಲಿ ಇರುವುದು ಬೇರೆ ನೊಣ, ಕ್ರೈಸೋಮಿಯಾ ಬೆಜಿಯಾನಾ. ಹಳೆ ಜಗತ್ತಿನ ಸ್ಕ್ರೂವರ್ಮ್ ಅಂತ ಕರೆಯುತ್ತಾರೆ. ಕುಲ ಬೇರೆಯಾದರೂ ಕಸುಬು ಅದೇ, ಜೀವಂತ ಮಾಂಸ ತಿನ್ನುವುದು. ಭಾರತದಲ್ಲಿ ಇದು ಹೊಸದಾಗಿ ಬಂದದ್ದಲ್ಲ, ಮೊದಲಿನಿಂದಲೂ ಇದೆ. ದನ, ಕುರಿ ಸಾಕಿದವರಿಗೆ "ಗಾಯಕ್ಕೆ ಹುಳ ಬಿದ್ದಿದೆ" ಅನ್ನುವ ಮಾತು ಹೊಸದೇನಲ್ಲ. ಮೂಗುದಾರದ ಗಾಯ, ಕೊಂಬಿನ ಬುಡ, ಗೊರಸಿನ ಸಂದು, ಕರುವಿನ ಹೊಕ್ಕುಳು, ಜಾಗಗಳೂ ಅವೇ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹುಳ ಹೊರಬರಿಸುವುದು, ಸೀತಾಫಲದ ಎಲೆ ಅರೆದು ಕಟ್ಟುವುದು ಹಳ್ಳಿಗಳಲ್ಲಿ ಈಗಲೂ ಉಂಟು. ಚುಕ್ಕೆ ಜಿಂಕೆ, ಕಡವೆಗಳ ಗಂಡುಗಳೂ ಕಾದಾಡುತ್ತವೆ, ಅವುಗಳ ಗಾಯವೂ ಈ ನೊಣಕ್ಕೆ ಗಾಯವೇ.

ಮೇಲೆ ಹೇಳಿದ ಪರೀಕ್ಷೆಯಲ್ಲಿ ಒಂದನ್ನು ಇಲ್ಲಿ ಬಿಟ್ಟುಬಿಡಿ: ಬಾಲದ ಕಡೆಯ ಆ ಎರಡು ಉದ್ದ ಕಪ್ಪು ಗೆರೆ ಅಮೆರಿಕದ ಹುಳದ ಗುರುತು, ನಮ್ಮದರಲ್ಲಿ ಹಾಗೆ ಕಾಣಲಿಲ್ಲ ಅಂತ ಸ್ಕ್ರೂವರ್ಮ್ ಅಲ್ಲ ಅನ್ನಬೇಡಿ. ಆಳಕ್ಕೆ ನಾಟಿಕೊಂಡಿರುವುದು, ಬಾಲದ ತುದಿ ಮಾತ್ರ ಕಾಣುವುದು, ಹಸಿ ಮಾಂಸ, ರಕ್ತ ಬೆರೆತ ರಸಿಗೆ, ಈ ಲಕ್ಷಣಗಳು ಎರಡಕ್ಕೂ ಒಂದೇ. ಪನಾಮಾದ ಬಂಜೆ ನೊಣ ತಂದು ಇಲ್ಲಿ ಬಿಟ್ಟರೂ ಪ್ರಯೋಜನ ಇಲ್ಲ, ಜಾತಿ ಬೇರೆ, ಕೂಡುವುದಿಲ್ಲ. ಇಲ್ಲಿ ಒಂದು ದ್ವೀಪಕ್ಕೆ ಹೊಸದಾಗಿ ಬಂದ ನೊಣವನ್ನು ಓಡಿಸುವ ಪ್ರಶ್ನೆಯೂ ಅಲ್ಲ.

ಹಾಗಾಗಿ ಕಾಡಂಚಿನ ಊರಿನಲ್ಲಿ ಕೈಯಲ್ಲಾಗುವ ಕೆಲಸ ನಮ್ಮ ದನಗಳ ಕಡೆಯಿಂದಲೇ ಶುರುವಾಗಬೇಕು. ಮೇಯಲು ಹೋಗುವ ದನದ ಮೈಯಲ್ಲಿ ಗಾಯ ಇದ್ದರೆ ಅದು ವಾಸಿಯಾಗುವವರೆಗೆ ಕೊಟ್ಟಿಗೆಯಲ್ಲೇ ಕಟ್ಟಿ, ಪಶುವೈದ್ಯರನ್ನು ಕರೆಸಿ. ತೆಗೆದ ಹುಳವನ್ನು ತಿಪ್ಪೆಗೆ ಎಸೆಯದೆ ಕುದಿಯುವ ನೀರಿಗೆ ಹಾಕಿ. ಕರು ಹಾಕಿದ ದಿನವೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಜಿಂಕೆ ಕಂಡರೆ ವಿಡಿಯೊ ತೆಗೆದು ಅರಣ್ಯ ಇಲಾಖೆಯ ಗಾರ್ಡ್‌ಗೆ ಕಳಿಸಿ. ಓಡಿಸಿಕೊಂಡು ಹೋಗಬೇಡಿ. ಗಾಯದ ಜಿಂಕೆ ಓಡಿದಷ್ಟೂ ಸುಸ್ತಾಗುತ್ತದೆ, ಆಮೇಲೆ ಬಂದವರಿಗೆ ಹುಡುಕಲೂ ಸಿಗುವುದಿಲ್ಲ.